ಚೂನ್ ನಿಯೊ ಎಸೆದ ಕಾಯಿಗಳು

ಮಲಾಕ್ಕಾದ ನಮ್ಮ ಬೀದಿಯಲ್ಲಿ ಬಾಬಾ ಮನೆತನದ, ಅಂದರೆ ತಲೆಮಾರುಗಳ ಹಿಂದೆ ಬಂದು ಇಲ್ಲಿಯವರೇ ಆದ ಚೀನೀಯರ, ಹಳೇ ಊಟದ ಮನೆಯೊಂದಿದೆ. ಅಲ್ಲಿ ಮೂವತ್ತೊಂದು ವರ್ಷ ಒಲೆ ಮುಂದೆ ನಿಂತವಳು ಚೂನ್ ನಿಯೊ. ಬೀದಿಗೆಲ್ಲ ಹಿರಿಯಳು. ಬಿಬಿಕ್ ಅನ್ನದೆ ಬರೀ ಹೆಸರು ಹಿಡಿದು ಆಕೆಯನ್ನು ಕೂಗುವ ಧೈರ್ಯ ಇಲ್ಲಿ ಯಾರಿಗೂ ಇಲ್ಲ.

ಈ ವರ್ಷ ಮಾಲೀಕ ಕೆಂಗ್ ಸಿಯೊಂಗ್ ಆಕೆಯನ್ನು ಅಡುಗೆಮನೆಯಿಂದ ಹೊರಗೆ ಹಾಕಿದ. ಕೆಲಸದಿಂದ ತೆಗೆದನೇ? ಛೆ, ಅಷ್ಟು ಪ್ರಾಮಾಣಿಕತೆ ಅವನಿಗೆಲ್ಲಿ! ಕಸೂತಿಯ ಕೆಬಾಯಾ ಅಂಗಿ ತೊಡಿಸಿ, ಎದೆಗೆ ಮೂರು ಚಿನ್ನದ ಪಿನ್ನು ಚುಚ್ಚಿ, ಬಾಗಿಲ ಬಳಿ ಕುರ್ಚಿ ಹಾಕಿ ಕೂರಿಸಿದ. ಊರು ನೋಡಲು ಬಂದವರು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಬೇಕು, ಆಕೆ ನಗಬೇಕು. ಅಷ್ಟೇ ಕೆಲಸ.

"ಆರಾಮಾಗಿ ಕೂತ್ಕೊಳ್ಳಿ ಬಿಬಿಕ್. ಅರವತ್ತೆಂಟಾಯ್ತು, ಇನ್ನೆಷ್ಟು ದಿನ ಹೊಗೆ ಕುಡೀತೀರಾ?"

"ಹೊಗೆ ಕುಡಿದ್ರೆ ಕೆಮ್ತೀನಿ ಅಷ್ಟೇ ಕಣೋ. ಇಲ್ಲಿ ಸುಮ್ನೆ ಕೂತ್ರೆ ಸತ್ತೇಹೋಗ್ತೀನಿ."

ಅದಕ್ಕೂ ಮೊದಲು ಎರಡು ವಾರ ಅವನು ಆಕೆಯ ಅಡುಗೆಯನ್ನೆಲ್ಲ ಬರೆದುಕೊಂಡಿದ್ದ. ಈ ಅಡುಗೆ ನಿಂತಿರುವುದೇ ಅಗಾಕ್-ಅಗಾಕ್ ಮೇಲೆ, ಅಂದರೆ ಕೈಯಂದಾಜಿನ ಮೇಲೆ. ಆಕೆ ಉಪ್ಪು ಎತ್ತಿದರೆ ಇವನು ಮುಷ್ಟಿಯ ಕೆಳಗೆ ತಕ್ಕಡಿ ಹಿಡಿಯುತ್ತಿದ್ದ. ಹುಣಸೆ ಇಷ್ಟು ಗ್ರಾಂ, ಸೀಗಡಿ ಗಟ್ಟಿ ಇಷ್ಟು ಗ್ರಾಂ, ದಿನಗಟ್ಟಲೆ ನೆನೆಸಿದ, ಕಲ್ಲಿನಂಥ ಚಿಪ್ಪಿನ ಕೆಲುವಾಕ್ ಕಾಯಿ ನಲವತ್ತು. ಹಂಡೆಗೆ ಬಿದ್ದದ್ದೆಲ್ಲ ಪುಸ್ತಕಕ್ಕೂ ಬಿತ್ತು. ಆಮೇಲೆ ದಿನಗೂಲಿಗೆ ಇಬ್ಬರು ಹುಡುಗಿಯರನ್ನು ತಂದು, ಪುಸ್ತಕ ಕೊಟ್ಟು ಒಲೆ ಮುಂದೆ ನಿಲ್ಲಿಸಿದ. ಒಬ್ಬ ಹೆಂಗಸಿನ ಆಯುಸ್ಸನ್ನು ಹದಿನೆಂಟು ಪುಟಕ್ಕೆ ಇಳಿಸಿ, ಉಳಿದ ಹೆಂಗಸನ್ನು ಬಾಗಿಲಿಗೆ ಅಲಂಕಾರ ಮಾಡುವುದಕ್ಕೆ ಇಲ್ಲಿನ ದೊಡ್ಡವರು ಪರಂಪರೆ ಉಳಿಸುವುದು ಅನ್ನುತ್ತಾರೆ. ನಾನು ಕಳ್ಳತನ ಅನ್ನುತ್ತೇನೆ.

ಕಳೆದ ಶನಿವಾರ ಮಧ್ಯಾಹ್ನ ಪೆನಾಂಗಿನಿಂದ ಮೂವರು ಅಕ್ಕತಂಗಿಯರು ಪ್ರವಾಸ ಬಂದರು. ಅವರೂ ಬಾಬಾ ಜನವೇ. ಹಿರಿಯಳು ಗ್ವಾಟ್ ಸಿಮ್, ನಿವೃತ್ತ ಟೀಚರ್. ನಾನು ಪಕ್ಕದ ಮೇಜಿನಲ್ಲಿದ್ದೆ. ಕೆಲುವಾಕ್ ಹಾಕಿದ ಕೋಳಿ ಸಾರು ಬಂತು. ಗ್ವಾಟ್ ಸಿಮ್ ಚಮಚ ಸರಿಸಿ, ಕಾಯಿಯೊಳಗಿನ ಕಪ್ಪು ತಿರುಳು ಕೆದಕಿ, ಅನ್ನಕ್ಕೆ ಕಲಸಿ ಬಾಯಿಗಿಟ್ಟಳು. ಮುಖ ಕಿವುಚಿದಳು.

"ಯಾರ್ರೀ ಮಾಡಿದ್ದು? ಕಹಿ ವಿಷ!"

ಸಿಯೊಂಗ್ ಓಡಿ ಬಂದ. "ಮೇಡಂ, ಇದು ಸ್ವಲ್ಪ ಕಹೀನೇ ಇರುತ್ತೆ. ನಿಮ್ಮ ಪೆನಾಂಗ್ ಕಡೆ ಅಭ್ಯಾಸ ಇಲ್ಲ, ಅದಕ್ಕೇ..."

"ನಮ್ಮಮ್ಮ ಮಲಾಕ್ಕಾದೋಳಪ್ಪ! ಹಾಲು ಬಿಟ್ಟ ಮೇಲೆ ತಿಂದಿದ್ದೇ ಇದನ್ನ. ಅಡುಗೆಯೋರನ್ನ ಕರಿ."

"ಅಡುಗೆ ನಮ್ಮ ಬಿಬಿಕ್‌ದೇ," ಎಂದು ಅವನು ಬಾಗಿಲತ್ತ ಕೈ ತೋರಿಸಿದ.

ಒಲೆಯನ್ನು ಕಿತ್ತುಕೊಂಡವನು ಕಹಿಯನ್ನು ಮಾತ್ರ ಆಕೆಯ ಹೆಸರಿಗೆ ಬರೆದ! ಚೂನ್ ನಿಯೊ ಎದ್ದು ಬಂದಳು. ತಟ್ಟೆಯಿಂದ ಬೆರಳ ತುದಿಯಷ್ಟು ತಿರುಳು ನೆಕ್ಕಿದಳು.

"ಇದು ನನ್ನ ಕೈ ಅಲ್ಲಮ್ಮ. ನನ್ನನ್ನ ಇಲ್ಲಿ ಫೋಟೊಕ್ಕೆ ಇಟ್ಕೊಂಡಿದಾನೆ."

"ಫೋಟೊಕ್ಕಾ?" ಗ್ವಾಟ್ ಸಿಮ್ ಟೀಚರ್ ದನಿ ತೆಗೆದಳು. "ಏಳು ಗಂಟೆ ಹೊತ್ತು ಬಸ್ಸಲ್ಲಿ ಸೊಂಟ ಮುರ್ಕೊಂಡು ಬಂದಿದ್ದು ನಿಮ್ಮನ್ನ ನೋಡೋಕಲ್ಲ ಬಿಬಿಕ್, ಉಣ್ಣೋಕೆ. ಒಳಗೆ ಹೋಗಿ. ನಾವು ಕಾಯ್ತೀವಿ."

"ಎರಡು ಗಂಟೆ ಆಗುತ್ತೆ."

"ಆಗ್ಲಿ. ಮನೇಲಿ ನಮಗೇನು ಗಂಡಂದಿರು ಕಾಯ್ತಿದಾರಾ?" ಎಂದಳು ಕಿರಿಯಳು.

ಚೂನ್ ನಿಯೊ ಮೂರೂ ಪಿನ್ನು ಬಿಚ್ಚಿ ಸಿಯೊಂಗನ ಅಂಗೈಗೆ ಹಾಕಿದಳು. ಕೆಬಾಯಾ ಕಳಚಿ, ಒಳಗಿನ ಬಿಳಿ ರವಿಕೆಯಲ್ಲೇ ಅಡುಗೆಮನೆ ಹೊಕ್ಕಳು.

ಮರುದಿನಕ್ಕೆಂದು ಐದು ದಿನ ನೆನೆಸಿದ ಕಾಯಿ ಬಕೆಟ್‌ನಲ್ಲಿತ್ತು. ಒಂದೊಂದನ್ನೇ ಕಿವಿಯ ಬಳಿ ಅಲ್ಲಾಡಿಸಿದಳು. ಒಳಗೆ ತಿರುಳು ಒಣಗಿ ಲೊಟಲೊಟ ಅಂದದ್ದು ಕಸಕ್ಕೆ. ಉಳಿದವುಗಳ ಬಾಯಿ ಒಡೆದು, ಮೂಸಿ, ನಾಲಿಗೆಗೆ ಮುಟ್ಟಿಸಿದಳು. ಇನ್ನೂ ನಾಲ್ಕು ಕಸಕ್ಕೆ. ಐವತ್ತರಲ್ಲಿ ಹದಿಮೂರು ಹೋದವು. ಒಂದೇ ಒಂದು ಕೆಟ್ಟದ್ದು ಉಳಿದರೂ ಹಂಡೆಯೆಲ್ಲ ಕಹಿ. ಸಿಯೊಂಗ್ ಹಾಕಿದ್ದನ್ನು ತೂಗಿದ್ದ, ಎಸೆದದ್ದನ್ನು ನೋಡಿರಲಿಲ್ಲ. ಆ ಹುಡುಗಿಯರು ಪಾಪ, ಪುಸ್ತಕದಂತೆ ಮೇಲಿನ ನಲವತ್ತು ಎಣಿಸಿ ಸುರಿದಿದ್ದರು.

"ಬನ್ರಮ್ಮಾ, ಹೆದರ್ಕೋಬೇಡಿ," ಎಂದು ಅವರಿಬ್ಬರನ್ನೂ ಕರೆದಳು. "ಇದನ್ನ ಕೇಳಿಸ್ಕೊಳ್ಳಿ. ಈಗ ಇದನ್ನ. ಗೊತ್ತಾಯ್ತಾ?"

ಸಿಯೊಂಗ್ ಪೆನ್ನು ತೆಗೆದ. "ಬಿಬಿಕ್, ಐವತ್ತಕ್ಕೆ ಎಷ್ಟು ಎಸೀಬೇಕು ಅಂತ ಬರ್ಕೊಳ್ಲಿ?"

"ಕಾಯಿನ ಕೇಳು. ನನ್ನನ್ನೇನು ಕೇಳ್ತೀಯ?"

ಎರಡೂಕಾಲು ಗಂಟೆ ಕಳೆದ ಮೇಲೆ ಸಾರು ಮೇಜಿಗೆ ಬಂತು. ಗ್ವಾಟ್ ಸಿಮ್ ಮೂರು ಸಲ ಅನ್ನ ಹಾಕಿಸಿಕೊಂಡಳು. ಕೊನೆಯ ಕಾಯಿಗೆ ಅಕ್ಕತಂಗಿಯರ ನಡುವೆ ಜಗಳ ಹತ್ತಿತು.

"ಅಕ್ಕಾ, ನಿಂಗೆ ಶುಗರ್ ಇದೆ, ಸಾಕು."

"ಶುಗರ್ ಇದೆ, ಹಸಿವೂ ಇದೆ. ಕೈ ತೆಗಿ!"

ಅಷ್ಟರಲ್ಲಿ ಉಳಿದ ಮೇಜುಗಳಿಂದಲೂ ಕೂಗು ಎದ್ದಿತ್ತು: "ನಮಗೂ ಬಿಬಿಕ್ ಮಾಡಿದ್ದೇ ತನ್ನಿ!"

ಸಿಯೊಂಗ್ ಕೆಬಾಯಾ ಮಡಚಿ ಹಿಡಿದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತ. "ನಾಳೆ ಬಾಗಿಲಿಗೆ, ಬಿಬಿಕ್..."

"ಬಾಗಿಲಿಗೆ ಬೊಂಬೆ ಬೇಕಾದ್ರೆ ಅಂಗಡೀಲಿ ಸಿಗುತ್ತೆ. ನಾನು ಇಲ್ಲೇ ಇರ್ತೀನಿ," ಎಂದಳು, ಸೌಟು ಕೆಳಗಿಡದೆ. "ಈಗ ಆ ಬಕೆಟ್ ತೊಳೆದು ನೀರು ತುಂಬು. ಗುರುವಾರದ ಕಾಯಿ ನೆನೀಬೇಕು."

ಮಾಲೀಕ ಪ್ಯಾಂಟು ಮಡಚಿ ನಲ್ಲಿಯ ಕಡೆ ನಡೆದ.

"ಅರ್ಧಕ್ಕೆ ನಿಲ್ಲಿಸ್ಬೇಡ," ಎಂದು ಹಿಂದಿನಿಂದ ಕೂಗಿದಳು. "ಕಂಠಮಟ್ಟ ತುಂಬು!"