ಗುರುಪಾದಣ್ಣನ ಆಲ್ಬಮ್ಮಿಗೆ ಒಡೆದ ಕಾಯಿ

ಗುರುಪಾದಣ್ಣನಿಂದ ಮೂಗು ಮುರಿಸಿಕೊಂಡಿದ್ದವನು ಬರಬಹುದು. ಬಂದವನ ಸೊಂಟದಲ್ಲಿ ಪಿಸ್ತೂಲಿರಬಹುದು. ಇಲ್ಲದಿದ್ದರೆ ಬಾಟಲಿ ಬೀಸಬಹುದು. ಗುರುಪಾದಣ್ಣ ತಿರುಗಿ ಬಾರಿಸಬಹುದು. ಬಾರಿಸಿದರೆ, ಆ ಮೂಗಿನ ಕೇಸಿನಲ್ಲಿ ನ್ಯಾಯಾಧೀಶೆ ಎಚ್ಚರಿಸಿದ್ದಂತೆ, ಈ ಸಲ ನೇರ ಜೈಲು. ಜೈಲಾದರೆ ಹೆಂಡತಿ ಶೈಲಕ್ಕ, ಹೇಳಿದ್ದಂತೆಯೇ, ಗಂಡನನ್ನು ಬಿಟ್ಟು ಅಮೆರಿಕದಲ್ಲೇ ದೂರದ ಕ್ಯಾಂಟನ್ ಎಂಬ ಊರಿನ ತಮ್ಮನ ಮನೆಗೆ ಹೋಗಬಹುದು. ಇದಿಷ್ಟನ್ನೂ ಡೆಸ್ ಪ್ಲೇನ್ಸ್‌ನಿಂದ ಬೋಲಿಂಗ್‌ಬ್ರೂಕ್‌ಗೆ ಡ್ರೈವ್ ಮಾಡುತ್ತ ಯೋಚಿಸಿ ನಾನು ಎಕ್ಸಿಟ್ ತಪ್ಪಿಸಿಕೊಂಡೆ. ಬೋಲಿಂಗ್‌ಬ್ರೂಕ್‌ನ ಬಾರೊಂದರಲ್ಲಿ ಅಂದು ಗುರುಪಾದಣ್ಣನ ಮೊದಲ ಕಂಟ್ರಿ ಸಂಗೀತದ ಆಲ್ಬಮ್ ಬಿಡುಗಡೆಯಾಗುವುದಿತ್ತು.

ಗದಗದ ಕಡೆಯ ಗುರುಪಾದಣ್ಣ ನನ್ನ ಆಫೀಸಿನವರು. ಅವರು ಹಾಡುವುದನ್ನು ಕಣ್ಣು ಮುಚ್ಚಿ ಕೇಳಿದರೆ ಟ್ರಕ್ ನಿಲ್ಲಿಸಿಕೊಂಡು ಅಳುವ ಅಮೆರಿಕದ ರೈತ. ತೆರೆದರೆ ವಿಭೂತಿ, ಬೂಟು, ಅಗಲ ಟೋಪಿ, ಕೊಡಲಿ ಹಿಡಿಯಲೆಂದೇ ಮಾಡಿದಂಥ ಕೈ. ಅವರ ಹಾಡುಗಳಲ್ಲಿ ಪಲ್ಲವಿ ಮುಗಿಯುವುದರೊಳಗೆ ಯಾರೋ ಚಾಕು ತೆಗೆದಿರುತ್ತಿದ್ದರು.

“ಹಾಡಿನ್ಯಾಗ ಒಬ್ಬಾಂವರ ಸಾಯ್ಬೇಕು. ಇಲ್ಲಾಂದ್ರ ಅದು ಹಾಡಲ್ಲ, ಜಾಹೀರಾತು” ಎನ್ನುತ್ತಿದ್ದರು.

ಕನ್ನಡ ಕೂಟದ ಸಂಕ್ರಾಂತಿಯಲ್ಲಿ, ಎಳ್ಳುಬೆಲ್ಲ ಹಂಚುವ ಹೊತ್ತಿಗೆ, ಅಣ್ಣ ತಮ್ಮನನ್ನು ಬಾವಿಗೆ ತಳ್ಳುವ ಹಾಡು ಶುರುಮಾಡಿದರು. ಅಧ್ಯಕ್ಷರು ಮೈಕ್ ಆಫ್ ಮಾಡಿಸಿದರು. ಮೈಕ್ ಸ್ಟ್ಯಾಂಡ್ ಹಾರಿ ಬಿಸಿಬೇಳೆಬಾತಿನ ಟ್ರೇಗೆ ಬಿತ್ತು.

ಮೂಗಿನ ಕಥೆಯೂ ಹೀಗೇ. ಬಾರಿನಲ್ಲೊಬ್ಬ ಅವರ ಉಚ್ಚಾರಣೆಯನ್ನು ಅಣಕಿಸಿದ. ಗುರುಪಾದಣ್ಣ ನಕ್ಕರು, ಗಿಟಾರ್ ಕೆಳಗಿಟ್ಟರು, ಹೊಡೆದರು. ಒಣಕಡ್ಡಿ ಮುರಿದಂತೆ ಸದ್ದಾಯಿತು. ರಕ್ತ ನನ್ನ ಫ್ರೆಂಚ್ ಫ್ರೈಸ್ ಮೇಲೆ ಚಿಮ್ಮಿತು. ನಾನು ತಟ್ಟೆ ಹಿಡಿದುಕೊಂಡೇ ಟೇಬಲ್ ಕೆಳಗೆ ಸೇರಿದೆ.

ಆಲ್ಬಮ್ ಬಿಡುಗಡೆಯ ಮಧ್ಯಾಹ್ನ ಆ ಮೂಗಿನವನು ಬಂದೇ ಬಂದ. ಹೊಸ ಕಾರಾಗಲಿ ಆಲ್ಬಮ್ಮಾಗಲಿ, ಕಾಯಿ ಒಡೆಯದೆ ಶುರುಮಾಡಬಾರದೆಂದು ಶೈಲಕ್ಕ ನನ್ನಿಂದ ತೆಂಗಿನಕಾಯಿ ತರಿಸಿದ್ದರು. ಅಂಗಡಿಯಲ್ಲಿ ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ಆರಿಸಿದ ಕಾಯಿ. ಅದನ್ನು ಹಿಡಿದು ವೇದಿಕೆಯ ಮೇಲೆ ನಿಂತಿದ್ದೆ. ಅವನು ಹತ್ತಿಬಂದು ಒಂದೇ ಏಟಿಗೆ ಗುರುಪಾದಣ್ಣನ ತುಟಿ ಸೀಳಿದ. ಎರಡನೆಯ ಏಟು ಕಣ್ಣಿಗೆ. ಟೋಪಿ ಉರುಳಿತು. ಶೈಲಕ್ಕ ಎದ್ದು ನಿಂತು ಗಂಡನ ಬಲಗೈಯನ್ನೇ ನೋಡುತ್ತಿದ್ದರು. ಅದು ಮುಷ್ಟಿಯಾಯಿತು, ಬಿಚ್ಚಿತು, ಮತ್ತೆ ಮುಷ್ಟಿಯಾಯಿತು.

“ಆ ಕಾಯಿ ತಾ ಇಲ್ಲಿ” ಎಂದರು ಗುರುಪಾದಣ್ಣ ನನಗೆ.

“ಬೇಡ ಗುರುಪಾದಣ್ಣ, ಪ್ಲೀಸ್.”

“ತಾ ಅಂದೆ.”

ಕೊಟ್ಟೆ. ಎರಡೂ ಕೈಯಲ್ಲಿ ತಲೆಯ ಮೇಲಕ್ಕೆತ್ತಿದರು. ಎದುರಿಗೆ ಅವನ ಬೋಳುತಲೆ. ನಾನು ಕಣ್ಣು ಮುಚ್ಚಿಕೊಂಡೆ. ಸಿಡಿಲು ಬಡಿದಂಥ ಸದ್ದು. ಕಣ್ಣು ಬಿಟ್ಟಾಗ ಕಾಯಿ ಅವನ ಕಾಲಬುಡದಲ್ಲಿ ಪುಡಿಪುಡಿಯಾಗಿತ್ತು. ಅವನು ಬಿಳಿಚಿಕೊಂಡು ಹಿಂದೆ ಸರಿಯುತ್ತಿದ್ದ. ಬಾರಿನವರು ಹೊರಗೆಳೆದೊಯ್ದರು. ಗುರುಪಾದಣ್ಣ ರಕ್ತ ನುಂಗುತ್ತ ಇಡೀ ಆಲ್ಬಮ್ ಹಾಡಿದರು. ಪ್ರತಿ ಹಾಡಿನಲ್ಲೂ ಒಬ್ಬ ಸತ್ತ.

ಅವರನ್ನು ನಾನು ವೇದಿಕೆಯ ಮೇಲೆ ನೋಡಿದ್ದು ಅದೇ ಕೊನೆ. ಆಮೇಲೆ ಅವರು ಆಫೀಸು ಬಿಟ್ಟರು, ಗಂಡ ಹೆಂಡತಿ ಒಟ್ಟಿಗೇ ಕ್ಯಾಂಟನ್‌ಗೆ ಹೋದರು. ಈಗ ಆ ದನಿ ನನ್ನ ಕಾರಿನಲ್ಲಿ ಮಾತ್ರ. ಅಂದು ಪಿಸ್ತೂಲು ಬರಲಿಲ್ಲ, ಬಾಟಲಿ ಹಾರಲಿಲ್ಲ, ಜೈಲಾಗಲಿಲ್ಲ. ಹಾಡು ಮುಗಿದ ಮೇಲೆ ಚೂರು ಬಾಚಲು ಬಗ್ಗಿದ ಶೈಲಕ್ಕ ಮಾತ್ರ ಮೂಗು ಮುಚ್ಚಿಕೊಂಡು ನನ್ನತ್ತ ತಿರುಗಿದರು.

“ಏನ್ ಆರಿಸ್ಕೊಂಡ್ ಬಂದೀಯೋ ತಮ್ಮಾ. ಕಾಯಿ ಕೆಟ್ಟೈತಿ.”