ಪ್ರಯಾಣಿಕರನ್ನು ಕಿಟಕಿಗೆ ಕರೆಯುವ ಹುಂಜಕ್ಕ

ಬೆಳಗಿನ ನಾಲ್ಕು ಗಂಟೆ. ವಿಮಾನ ನಿಲ್ದಾಣದ ಎದುರಿನ ಹೋಟೆಲಿನಲ್ಲಿ, ಸ್ವಾಗತದ ಮೇಜಿನ ಹಿಂದೆ ಒಂದು ಪುಟ್ಟ ಕೋಣೆ. ಎರಡು ಕುರ್ಚಿ ಹಾಕಿದರೆ ಮೂರನೆಯದಕ್ಕೆ ಜಾಗವಿಲ್ಲ. ಅಲ್ಲಿ ಕುಳಿತಿರುವ ಐವತ್ತೆಂಟರ ಹೆಂಗಸು ಕನ್ನಡಕ ಒರೆಸಿಕೊಂಡು, ಮುಂದಿರುವ ಹಾಳೆಯ ಮೊದಲ ಸಾಲಿನ ಮೇಲೆ ಬೆರಳಿಟ್ಟು, ಫೋನನ್ನು ಎಡಗಿವಿಗೆ ಹಿಡಿಯುತ್ತಾರೆ.

“ನಮಸ್ಕಾರ ಸರ್, ನಾಲ್ಕು ಗಂಟೆ ಆಯ್ತು. ನಿಮ್ಮ ವಿಮಾನ ಆರೂ ಇಪ್ಪತ್ತಕ್ಕೆ.”

ಆ ಕಡೆಯಿಂದ ಒಂದು ಗೊಣಗು.

“ಎದ್ರಾ? ಸಂತೋಷ. ಹಾಗಾದ್ರೆ ಪರದೆ ಸರಿಸಿ. ಕೆಳಗೆ ಬಾಡಿಗೆ ಕಾರಿನ ಅಂಗಳ ಕಾಣತ್ತಲ್ಲ, ಅಲ್ಲಿ ಬಿಳಿ ಕಾರು ಎಷ್ಟಿವೆ, ಎಣಿಸಿ ಹೇಳಿ ನೋಡೋಣ.”

“ಏನಮ್ಮಾ, ಈ ಹೊತ್ತಿಗೆ ಲೆಕ್ಕದ ಪರೀಕ್ಷೇನಾ?”

“ಹೌದು ಸರ್. ಪಾಸಾದ್ರೆ ವಿಮಾನ, ಫೇಲಾದ್ರೆ ಇಲ್ಲೇ ಇನ್ನೊಂದು ದಿನದ ಬಾಡಿಗೆ.”

ಹಾಸಿಗೆ ಕಿರುಗುಟ್ಟುತ್ತದೆ. ಪರದೆಯ ಬಳೆಗಳು ಸರಿಯುತ್ತವೆ. ಸ್ವಲ್ಪ ಹೊತ್ತಿನ ನಂತರ ಉತ್ತರ ಬರುತ್ತದೆ: “ಒಂಬತ್ತು.”

“ಭೇಷ್. ಶುಭ ಪ್ರಯಾಣ.” ಹಾಳೆಯ ಮೇಲೆ ಒಂದು ಗೀಟು ಬೀಳುತ್ತದೆ. ಬೆರಳು ಎರಡನೆಯ ಸಾಲಿಗೆ ಇಳಿಯುತ್ತದೆ.

ಹೋಟೆಲಿನವರು, ಟ್ಯಾಕ್ಸಿಯವರು, ಹಿಂಬದಿಯ ಕಾರಿನ ಅಂಗಳದವರು ಎಲ್ಲರೂ ಇವರನ್ನು ಹುಂಜಕ್ಕ ಎಂದೇ ಕರೆಯುತ್ತಾರೆ. ಯಾವ ಚಾಲಕ ಇಟ್ಟ ಹೆಸರೋ, ಇಪ್ಪತ್ತೆರಡು ವರ್ಷದಿಂದ ಅಂಟಿಕೊಂಡಿದೆ. ಅವರಿಗೆ ಬೇಸರವಿಲ್ಲ. “ಹುಂಜ ಒಂದು ಸಲ ಕೂಗಿ ಸುಮ್ಮನಾಗತ್ತೆ. ನಾನು ಹೊದಿಕೆ ಬಿಡೋವರೆಗೂ ಬಿಡಲ್ಲ. ಬಡ್ತಿ ಕೊಟ್ಟಿದ್ದಾರೆ ಅಂದ್ಕೋಬೇಕು” ಎಂದು ನಗುತ್ತಾರೆ.

ಆದರೆ ಈ ದಿನ ಆ ನಗು ತುಟಿಯ ಆಚೆ ಹೋಗುತ್ತಿಲ್ಲ. ಎರಡನೆಯ ಕುರ್ಚಿಯಲ್ಲಿ ಹೋಟೆಲಿನ ಮ್ಯಾನೇಜರು ಕುಳಿತಿದ್ದಾರೆ. ಅವರ ಕಿವಿಗೂ ಒಂದು ಫೋನು, ತೊಡೆಯ ಮೇಲೆ ತುಂಬಬೇಕಾದ ಒಂದು ನಮೂನೆ. ಆರು ಗಂಟೆಯೊಳಗೆ ಮೂವತ್ತೊಂದು ಜನರನ್ನು ಎಬ್ಬಿಸಬೇಕು. ಅದರಲ್ಲಿ ಒಂದೇ ಒಂದು ತಪ್ಪಾದರೂ ನಾಳೆಯಿಂದ ಹುಂಜಕ್ಕ ನೆಲಮಾಳಿಗೆಯಲ್ಲಿ ಹಾಸಿಗೆ ಬಟ್ಟೆ ಮಡಚಬೇಕು. ಸಂಬಳ ಅಷ್ಟೇ ಇರುತ್ತದೆ, ಹೊತ್ತೂ ಅಷ್ಟೇ. “ಆದ್ರೆ ಬಟ್ಟೆ ಮಾತಾಡಲ್ಲವಲ್ಲ” ಎನ್ನುತ್ತಾರೆ ಹುಂಜಕ್ಕ.

ತಪ್ಪು ನಡೆದದ್ದು ಮೂರು ತಿಂಗಳ ಹಿಂದೆ. ಅದಕ್ಕೂ ಮೊದಲು ಅವರು ಯಾರನ್ನೂ ಕಿಟಕಿಗೆ ಕಳುಹಿಸುತ್ತಿರಲಿಲ್ಲ. ಬರೀ ದನಿ ಕೇಳಿದರೆ ಸಾಕಿತ್ತು. ಎದ್ದವರ ‘ಹೂಂ’ ಬೇರೆ, ಮಲಗಿದಲ್ಲಿಂದಲೇ ಬರುವ ‘ಹೂಂ’ ಬೇರೆ. ದಿಂಬಿಗೆ ಒತ್ತಿದ ಕೆನ್ನೆ, ಅರ್ಧ ಕುಳಿತ ಬೆನ್ನು, ನೆಲಕ್ಕೆ ತಾಗಿದ ಅಂಗಾಲು, ಎಲ್ಲವೂ ಅವರ ಬಲಗಿವಿಗೆ ಕೇಳುತ್ತಿದ್ದವು. ದಿನಕ್ಕೆ ಮೂವತ್ತರಂತೆ, ರಜೆ ಕಳೆದು, ಇಪ್ಪತ್ತೆರಡು ವರ್ಷಕ್ಕೆ ಲೆಕ್ಕ ಹಾಕಿದರೆ ಎರಡು ಲಕ್ಷಕ್ಕೆ ಹತ್ತಿರವಾಗುತ್ತದೆ. ಇಷ್ಟು ಮಂದಿಯ ದಿನದ ಮೊದಲ ಮಾತನ್ನು ಕೇಳಿಸಿಕೊಂಡ ಜೀವ ಇನ್ನೊಂದು ಇರಲಾರದು. ತಾಯಂದಿರಿಗೂ ದೇವರು ಈ ಭಾಗ್ಯವನ್ನು ಇಷ್ಟೊಂದು ಧಾರಾಳವಾಗಿ ಕೊಟ್ಟಿಲ್ಲ.

ಆ ಬಲಗಿವಿ ನಿಧಾನವಾಗಿ ಮಂದವಾಗಿತ್ತು. ಮೊದಲು ಗಮನಿಸಿದವಳು ಮಗಳು. ಹೋಟೆಲಿನ ಹಿಂದಿನ ಬಾಡಿಗೆ ಕಾರಿನ ಕೌಂಟರಿನಲ್ಲಿ ಕೆಲಸ ಅವಳದು. “ಅಮ್ಮಾ, ಟೀವಿ ಪಕ್ಕದ ಮನೆಯವರಿಗೆ ಹಾಕಿದ್ದೀಯಾ?” ಎಂದು ಕೇಳಿದಳಂತೆ. ಅಮ್ಮ ಮಾತು ತೇಲಿಸಿದರು. ಅದಾದ ವಾರದಲ್ಲಿ ಒಂದು ಬೆಳಗ್ಗೆ ಇನ್ನೂರ ಹದಿನಾಲ್ಕನೆಯ ಕೋಣೆಯ ವೃದ್ಧರೊಬ್ಬರು ‘ಹೂಂ’ ಅಂದರು. ಹುಂಜಕ್ಕ ಗೀಟು ಹಾಕಿದರು. ವೃದ್ಧರು ಹಾಗೇ ನಿದ್ದೆಗೆ ಜಾರಿದರು. ವಿಮಾನ ಹೋಯಿತು. ಅವರು ಆಸ್ಪತ್ರೆಯಲ್ಲಿದ್ದ ಅಣ್ಣನನ್ನು ನೋಡಲು ಹೊರಟವರು. ಮುಂದಿನ ವಿಮಾನ ಮರುದಿನ.

“ಅವರು ಒಂದು ಮಾತೂ ಬೈಲಿಲ್ಲ. ‘ನಿದ್ದೆ ನಂದು ತಾಯಿ, ತಪ್ಪು ನಿಂದು ಹೇಗಾಗತ್ತೆ’ ಅಂದ್ರು. ಸಂಜೆವರೆಗೂ ಚೀಲ ತೊಡೆ ಮೇಲಿಟ್ಕೊಂಡು ಆ ಸೋಫಾದಲ್ಲೇ ಕೂತಿದ್ರು. ಆಮೇಲೆ ಅಣ್ಣ ಸಿಕ್ಕಿದ್ರೋ ಇಲ್ಲವೋ, ನಂಗೆ ಗೊತ್ತಾಗಲಿಲ್ಲ. ಕೇಳೋಕೆ ಧೈರ್ಯವೂ ಬರಲಿಲ್ಲ.” ಹುಂಜಕ್ಕ ಹಾಳೆ ನೋಡುತ್ತಲೇ ಹೇಳುತ್ತಾರೆ. “ಕೂಗಿದ್ರೆ ಎದ್ದೇಳ್ತಾರಲ್ಲ, ಅದೇ ದೊಡ್ಡದು. ಕೂಗಿದ್ರೂ ಏಳದ ದಿನ ಎಲ್ಲರ ಮನೇಲೂ ಒಂದು ಬರತ್ತೆ. ಅಲ್ಲಿವರೆಗೆ ಸರಿಯಾಗಿ ಕೂಗಬೇಕು.”

ಯಾರೂ ದೂರು ಕೊಟ್ಟಿರಲಿಲ್ಲ. ಅವರೇ ಹೋಗಿ ಮ್ಯಾನೇಜರಿಗೆ ಎಲ್ಲ ಹೇಳಿದರು, ಕಿವಿಯ ಸಂಗತಿಯನ್ನೂ. ಮ್ಯಾನೇಜರು ಕೆಟ್ಟವರಲ್ಲ. ಮೂರು ತಿಂಗಳ ಗಡುವು ಕೊಟ್ಟರು. ಆ ಗಡುವಿನ ಕಡೆಯ ದಿನ ಇದು.

ಕಿವಿ ಹೋದ ಕಡೆ ಬುದ್ಧಿಯನ್ನು ನಿಲ್ಲಿಸಬೇಕಾಯಿತು. ಮೂರೂವರೆಗೆ ಕೆಲಸಕ್ಕೆ ಬರುವಾಗ ಅವರು ಕಾರಿನ ಅಂಗಳದ ಬೇಲಿಯ ಪಕ್ಕ ನಿಂತು ಬಿಳಿ ಕಾರುಗಳನ್ನು ಎರಡೆರಡು ಸಲ ಎಣಿಸುತ್ತಾರೆ. ಅಂಗಳದ ಗೇಟು ಆರಕ್ಕೆ ಮೊದಲು ತೆರೆಯುವುದಿಲ್ಲವಾದ್ದರಿಂದ ಲೆಕ್ಕ ಬದಲಾಗುವುದಿಲ್ಲ. ಹೋಟೆಲಿನ ಹಿಂಬದಿಯ ಕೋಣೆಗಳಿಗೆಲ್ಲ ಇದೇ ಪ್ರಶ್ನೆ. ಮುಂಬದಿಯವರು ಬೀದಿಯಲ್ಲಿ ಕೆಟ್ಟು ನಿಂತ ದೀಪಗಳನ್ನು ಎಣಿಸಬೇಕು. “ದೀಪ ರಿಪೇರಿಗೆ ಬಂದ್ರೆ ನನ್ನ ಹೊಟ್ಟೆಗೆ ಬೆಂಕಿ ಬೀಳತ್ತೆ” ಎಂದು ಕಣ್ಣು ಮಿಟುಕಿಸುತ್ತಾರೆ.

ಒಂದು ಕರೆಗೂ ಇನ್ನೊಂದಕ್ಕೂ ನಡುವೆ, ಪದೇ ಪದೇ ಪ್ರಯಾಣ ಮಾಡುವವರಿಗೆ ಅವರು ಹೇಳುವ ಮಾತುಗಳು ಎಷ್ಟೋ ಪುಸ್ತಕಗಳಿಗಿಂತ ಮೇಲು. ಬೇರೆ ದೇಶದಿಂದ ಬಂದವರು ಫೋನನ್ನು ಏರ್‌ಪ್ಲೇನ್ ಮೋಡ್‌ನಲ್ಲೇ ಮರೆತು ಮಲಗಿದರೆ ಅದು ಹೊರಟ ಊರಿನ ಗಂಟೆಯನ್ನೇ ತೋರಿಸುತ್ತಿರುತ್ತದೆ. ಅಲಾರಂ ಬಡಿಯುವ ಹೊತ್ತಿಗೆ ವಿಮಾನ ಮೋಡದ ಮೇಲಿರುತ್ತದೆ. ಕೋಣೆಯ ತಿಜೋರಿಯಲ್ಲಿ ಪಾಸ್‌ಪೋರ್ಟ್ ಇಡುವವರು ಒಂದು ಕಾಲಿನ ಶೂವನ್ನೂ ಅದರ ಜೊತೆ ಇಡಬೇಕು. “ಒಂಟಿ ಶೂ ಹಾಕ್ಕೊಂಡು ಯಾರೂ ವಿಮಾನ ಹತ್ತೋಕೆ ಹೋಗಲ್ಲ ನೋಡಿ.” ರಾತ್ರಿ ಹನ್ನೆರಡೂವರೆಯ ವಿಮಾನ ಎಂದರೆ ಹಿಂದಿನ ದಿನವೇ ಮನೆ ಬಿಡಬೇಕು. ತಿಂಗಳಿಗೆ ಒಬ್ಬರಾದರೂ ಇದರಲ್ಲಿ ಒಂದು ದಿನ ತಪ್ಪಿ ಬರುತ್ತಾರೆ. ಬಾಡಿಗೆ ಕಾರು ಮರಳಿಸುವವರಿಗೆ ಮಗಳ ಕಿವಿಮಾತೂ ಉಂಟು: ಗೀರು ಬಿದ್ದಿರಲಿ ಬಿಡಲಿ, ಕೀಲಿಕೈ ಕೊಡುವ ಮೊದಲು ನಾಲ್ಕೂ ಕಡೆಯಿಂದ ಫೋಟೊ ತೆಗೆದುಕೊಳ್ಳಿ. ಕಾರಿನ ಸ್ಕ್ರೀನಿನಲ್ಲಿ ನಿಮ್ಮ ಫೋನಿನ ಹೆಸರು, ನಂಬರುಗಳು ಉಳಿದಿದ್ದರೆ ಅಳಿಸಿಬಿಡಿ.

ಮನೆಯಲ್ಲಿ ಮಾತ್ರ ಇವರ ವಿದ್ಯೆ ನಡೆಯುವುದಿಲ್ಲ. ಗಂಡ ದರ್ಜಿ. ಎಂಟೂವರೆಗೆ ಇವರು ಮನೆಗೆ ಹೋದರೂ ಅವರು ಗೊರಕೆಯಲ್ಲೇ ಇರುತ್ತಾರೆ. “ಎರಡು ಲಕ್ಷ ಜನ ಎದ್ರು, ಇವರೊಬ್ಬರು ಬಾಕಿ.”

ನಾಲ್ಕೂ ನಲವತ್ತು. ಹಾಳೆಯಲ್ಲಿ ಹದಿನಾಲ್ಕು ಗೀಟುಗಳಾಗಿವೆ. ಹದಿನೈದನೆಯ ಸಾಲು ಮುನ್ನೂರ ಹದಿನಾರನೆಯ ಕೋಣೆ. ಔಷಧ ಕಂಪನಿಯೊಂದರ ಅಧಿಕಾರಿ, ತಿಂಗಳಿಗೆ ಎಂಟು ಹತ್ತು ಸಲ ಬಂದು ಹೋಗುವ ಅತಿಥಿ. ಆರೂ ಐವತ್ತರ ವಿಮಾನ. ಎರಡನೆಯ ಸದ್ದಿಗೇ ಫೋನು ಎತ್ತುತ್ತಾರೆ.

“ಗೊತ್ತು, ಗೊತ್ತು ಹುಂಜಕ್ಕ. ಎದ್ದಿದ್ದೀನಿ. ಬಿಳಿ ಕಾರು ಹದಿಮೂರು. ನಮಸ್ಕಾರ.” ಗಟ್ಟಿ ದನಿ, ಸ್ಪಷ್ಟ ಮಾತು. ಫೋನು ಇಡುತ್ತಾರೆ.

ಮ್ಯಾನೇಜರು ತಲೆಯಾಡಿಸಿ, “ಆಯ್ತಲ್ಲ, ಮುಂದಿನದು” ಎನ್ನುತ್ತಾರೆ. ಹುಂಜಕ್ಕನ ಬೆರಳು ಸರಿಯುವುದಿಲ್ಲ.

“ಆಗಿಲ್ಲ ಸರ್. ಅಂಗಳದಲ್ಲಿರೋದು ಒಂಬತ್ತು.”

“ಕತ್ತಲಲ್ಲಿ ತಪ್ಪಿ ಎಣಿಸಿರಬಹುದು. ದನಿ ಚೆನ್ನಾಗೇ ಇತ್ತಲ್ಲ, ನಾನೇ ಕೇಳಿದೆ.”

“ದನಿ ನಂಬಿಯೇ ಒಂದು ಸಲ ಕೆಟ್ಟಿದ್ದೀನಿ. ಹದಿಮೂರು ನಿನ್ನೆ ಮಲಗೋ ಹೊತ್ತಿನ ಲೆಕ್ಕ ಸರ್. ಆಮೇಲೆ, ಗೇಟು ಮುಚ್ಚೋ ಮೊದಲು, ನಾಲ್ಕು ಹೊರಗೆ ಹೋದವು ಅಂತ ಮಗಳು ಹೇಳಿದ್ಲು. ಪ್ರಶ್ನೆ ಗೊತ್ತಿರೋ ಮನುಷ್ಯ, ರಾತ್ರಿಯೇ ಎಣಿಸಿ ಉತ್ತರ ದಿಂಬಿನ ಕೆಳಗೆ ಇಟ್ಕೊಂಡು ಮಲಗಿದ್ದಾರೆ.”

ಮತ್ತೆ ಕರೆ. ಹತ್ತು ಸದ್ದು, ಹನ್ನೆರಡು ಸದ್ದು. ಯಾರೂ ಎತ್ತುವುದಿಲ್ಲ. ಮೂರನೆಯ ಮಹಡಿಯ ರೂಮ್ ಬಾಯ್‌ಗೆ ಹೇಳಿಕಳಿಸುತ್ತಾರೆ. ಈ ಬಾಯ್‌ಗೆ ವಯಸ್ಸು ಐವತ್ತೆರಡು. ಬಾಗಿಲ ಮುಂದಿನಿಂದ ಅವರು ಫೋನಿನಲ್ಲಿ ಪಿಸುಗುಟ್ಟುತ್ತಾರೆ: “ಅಕ್ಕಾ, ತೊಂದರೆ ಕೊಡಬೇಡಿ ಅನ್ನೋ ಚೀಟಿ ನೇತಾಕಿದ್ದಾರೆ. ತಟ್ಟಲೋ ಬೇಡವೋ?”

ಮ್ಯಾನೇಜರ ಮುಖ ಬಿಗಿಯುತ್ತದೆ. ಚೀಟಿ ಇದ್ದ ಬಾಗಿಲು ತಟ್ಟಬಾರದೆಂಬುದು ಹೋಟೆಲಿನ ನಿಯಮ. “ನೋಡಿಕೊಳ್ಳಿ. ಅವರು ಸ್ನಾನಕ್ಕೆ ಹೋಗಿದ್ದು, ಹೊರಬಂದು ರೇಗಿದ್ರೆ ಅದು ದೂರು. ದೂರು ಬಂದ್ರೆ ನಾನು ತಪ್ಪು ಅಂತಲೇ ಬರೀಬೇಕು.”

ಹುಂಜಕ್ಕ ಒಂದು ಕ್ಷಣ ಕಣ್ಣು ಮುಚ್ಚುತ್ತಾರೆ. ಪ್ರಾರ್ಥನೆಯೋ, ಲೆಕ್ಕವೋ ತಿಳಿಯದು.

“ತಟ್ಟಪ್ಪ. ಜೋರಾಗಿ ತಟ್ಟು. ಕೇಳಿದ್ರೆ ನನ್ನ ಹೆಸರು ಹೇಳು.”

ಫೋನಿನಲ್ಲಿ ಬಾಗಿಲಿನ ಸದ್ದು ಕೇಳುತ್ತದೆ. ನಾಲ್ಕು ಸಲ, ಆರು ಸಲ. ಆಮೇಲೆ ಏನೋ ಉರುಳಿ ಬಿದ್ದ ಸದ್ದು, ಚಿಲಕ, ಮತ್ತು ನಿಜವಾಗಿ ನಿದ್ದೆಯಿಂದ ಎದ್ದ ಮನುಷ್ಯನ ಒಡಕು ದನಿ: “ಅಯ್ಯೋ! ಗಂಟೆ ಎಷ್ಟು?”

ಹುಂಜಕ್ಕ ಆಗಲೇ ಹದಿನಾರನೆಯ ಸಾಲಿನಲ್ಲಿದ್ದಾರೆ. “ನಮಸ್ಕಾರ ಮೇಡಂ...”

ಐದೂ ಇಪ್ಪತ್ತಕ್ಕೆ ಆ ಅಧಿಕಾರಿ ಇಳಿದು ಬರುತ್ತಾರೆ. ಒಂದು ಕೆನ್ನೆ ನುಣುಪಾಗಿದೆ, ಇನ್ನೊಂದರ ಮೇಲೆ ಗಡ್ಡ ಹಾಗೇ ಇದೆ. ವ್ಯಾನಿನ ಹಾರ್ನ್ ಕೂಗುತ್ತಿದ್ದರೂ ಕೋಣೆಯೊಳಗೆ ಇಣುಕುತ್ತಾರೆ. “ಹುಂಜಕ್ಕ, ರಾತ್ರಿ ಎಣಿಸಿದ್ದು ಅಂತ ಹೇಗೆ ಹಿಡಿದ್ರಿ ನೀವು?”

“ಇನ್ನೊಂದು ಸಲ ಬಂದಾಗ ಕೆಂಪು ಕಾರು ಕೇಳ್ತೀನಿ. ಓಡಿ, ಓಡಿ!”

ಆರು ಗಂಟೆಗೆ ಮೂವತ್ತೊಂದನೆಯ ಗೀಟು. ಹೊರಗೆ ಬೆಳಕು ಹರಿದಿದೆ. ಅಂಗಳದ ಗೇಟು ತೆರೆದ ಸದ್ದು ಬರುತ್ತದೆ. ಯಾರ ಮನೆಗೋ, ಯಾರ ಕೆಲಸಕ್ಕೋ, ಯಾರ ಕಷ್ಟಕ್ಕೋ ಮೂವತ್ತೊಂದು ಮಂದಿ ಹೊರಟಿದ್ದಾರೆ. ಅವರಲ್ಲಿ ಮೂವತ್ತು ಮಂದಿ ಈ ಹೆಂಗಸಿನ ಮುಖವನ್ನೂ ಕಂಡಿಲ್ಲ. ಮ್ಯಾನೇಜರು ಕಿವಿಯ ಫೋನು ತೆಗೆದು ಹಾಳೆಯ ಗೀಟುಗಳನ್ನು ಒಂದೊಂದಾಗಿ ಎಣಿಸುತ್ತಾರೆ.

“ನನ್ನ ಕಿವಿಗೆ ಏನೂ ಆಗಿಲ್ಲ. ಆದ್ರೂ ನಾನಾಗಿದ್ರೆ ಅವರನ್ನ ಮಲಗೋಕೆ ಬಿಟ್ಟಿರ್ತಿದ್ದೆ” ಎಂದು ತಮಗೆ ತಾವೇ ಹೇಳಿಕೊಂಡವರಂತೆ ಹೇಳಿ ಪೆನ್ನು ತೆಗೆಯುತ್ತಾರೆ. ತಪ್ಪುಗಳು: ಇಲ್ಲ. ಇದೇ ಕೆಲಸದಲ್ಲಿ ಮುಂದುವರಿಸುವುದು: ಹೌದು. ಕೊನೆಯ ಸಾಲು, ಶ್ರವಣ ಶಕ್ತಿ. ಅಲ್ಲಿ ಅವರು ‘ಉತ್ತಮ’ ಎಂದು ಬರೆಯಲು ಹೊರಡುತ್ತಾರೆ.

ಹುಂಜಕ್ಕ ನಮೂನೆಯ ಮೇಲೆ ಕೈ ಅಡ್ಡ ಇಡುತ್ತಾರೆ.

“ಸುಳ್ಳು ಬರೀಬೇಡಿ ಸರ್. ಕಿವಿ ಮಂದ ಅಂತಲೇ ಬರೀರಿ. ಕೆಲಸ ಮಂದ ಇಲ್ಲ ಅಂತ ಅದರ ಪಕ್ಕದಲ್ಲಿ ಬರೀರಿ. ಜಾಗ ಇದೆಯಲ್ಲ.”