ಟಿವಿ ದೊಡ್ಡ ಮಾಡಿ

ತೊಟ್ಟಿಲ ಪಕ್ಕದ ಸ್ಟೂಲಿನ ಮೇಲೆ ಮಗುವಿನ ಬಟ್ಟೆಗಳನ್ನು ಮಡಚಿಟ್ಟಿದ್ದಾರೆ. ಹೊಳೆಯ ಕಡೆಯಿಂದ ಬೀಸುವ ಗಾಳಿಗೆ ಅವು ಹಾರದ ಹಾಗೆ ಮೇಲೊಂದು ಭಾರ. ಅಂಗೈಯಗಲ, ಕಬ್ಬಿಣದ ತೂಕ, ಮುಟ್ಟಿದರೆ ತಣ್ಣಗೆ. ಇದೆಂತದು ಅಂತ ನೀವು ಕೇಳುತ್ತೀರಿ, ಗೊತ್ತು. ಹೇಳುತ್ತೇನೆ, ಆದರೆ ಮೊದಲು ತೊಟ್ಟಿಲಿನೊಳಗೆ ಬಗ್ಗಿ ನೋಡಿ. ನನ್ನ ಮೊಮ್ಮಗಳು! ಈ ಮುಷ್ಟಿ ನೋಡಿ, ದೋಣಿಯ ಹುಟ್ಟು ಹಿಡಿದವರ ಹಾಗೆ ಬಿಗಿ. ಮಾವಿನಕುರ್ವೆಯಲ್ಲಿ ಇವಳ ಸುದ್ದಿಯನ್ನು ನಾನು ಹೇಳದೆ ಬಿಟ್ಟ ಮನೆ ಇಲ್ಲ. ಕೆಲವರಿಗೆ ಮರೆತು ಇನ್ನೊಮ್ಮೆಯೂ ಹೇಳಿದ್ದೇನೆ. ಈಗ ನನ್ನನ್ನು ಕಂಡರೆ ಜನ ದಾರಿ ಬದಲಿಸುತ್ತಾರೆ. ಬದಲಿಸಲಿ, ಕುರ್ವೆ ಎಂದರೆ ಸುತ್ತ ನೀರು, ಎಷ್ಟು ದೂರ ಹೋದಾರು?

ಹಾಂ, ಆ ಭಾರ. ಅದು ನಮ್ಮ ಟಿವಿ ಡಿಶ್ಶಿನ ಹಳೇ ಪೆಟ್ಟಿಗೆಯ ಹೊಟ್ಟೆಯೊಳಗಿದ್ದ ಡಿಸ್ಕು. ಬಂದ ಕಾರ್ಯಕ್ರಮವನ್ನು ಹಿಡಿದಿಟ್ಟುಕೊಂಡು, ನಾವು ಕೇಳಿದಾಗ ಮತ್ತೆ ತೋರಿಸುವ ಪೆಟ್ಟಿಗೆ ಅದು. ಅಳಿಯ ತಂದುಕೊಟ್ಟದ್ದು. ಅದರೊಳಗೆ ನನ್ನ ಹೆಂಡತಿ ಇದ್ದಳು.

ಮಾದೇವಿ ಕತ್ತದ ಹಗ್ಗ ಹೊಸೆಯುತ್ತಿದ್ದಳು. ಹಿನ್ನೀರಿನಲ್ಲಿ ಕೊಳೆಹಾಕಿದ ತೆಂಗಿನ ಸಿಪ್ಪೆಯನ್ನು ಬಡಿದು, ನಾರು ಬಿಡಿಸಿ, ಮಾತಾಡುತ್ತ ಮಾತಾಡುತ್ತಲೇ ಹಗ್ಗ ಮಾಡುತ್ತಿದ್ದಳು. ಮಾತು ತುಂಡಾದರೂ ಹಗ್ಗ ತುಂಡಾಗುತ್ತಿರಲಿಲ್ಲ. ಒಂದು ಸಲ ಯಾವುದೋ ಟಿವಿಯವರು ಅದನ್ನು ಚಿತ್ರ ಹಿಡಿಯಲು ಬಂದರು. ಅಂಗಳದಲ್ಲಿ ಹಗಲಿನಲ್ಲೇ ಒಂದು ದೊಡ್ಡ ದೀಪ ನಿಲ್ಲಿಸಿ ಅವಳ ಮುಖಕ್ಕೆ ಬಿಟ್ಟರು. ಇವಳು ಕಣ್ಣು ಕಿರಿದು ಮಾಡಿ, "ತಮ್ಮಾ, ಆ ದೀಪ ದೊಡ್ಡ ಮಾಡು ಮಾರಾಯ, ಕಣ್ಣು ಕುಕ್ಕತದೆ" ಅಂದಳು.

ನಮ್ಮಲ್ಲಿ ದೀಪ ಆರಿಸು ಅನ್ನಬಾರದು. ಅದು ಕೆಟ್ಟ ಮಾತು. ದೊಡ್ಡ ಮಾಡು ಅನ್ನಬೇಕು. ಬಂದ ಹುಡುಗ ಬೇರೆ ಕಡೆಯವನು, ಅವನಿಗೆ ಹೇಗೆ ಗೊತ್ತಾಗಬೇಕು? ಪಾಪ, ದೀಪವನ್ನು ಇನ್ನೂ ಜೋರು ಮಾಡಿದ. "ಅಯ್ಯೋ, ದೊಡ್ಡ ಮಾಡು ಅಂದ್ರೆ ದೊಡ್ಡ ಮಾಡ್ತನಲ್ಲ ಇಂವ!" ಎಂದು ಇವಳು ಹಗ್ಗ ಕೈಯಲ್ಲಿ ಹಿಡಿದೇ ನಕ್ಕಳು. ಟಿವಿಯವರು ಆ ನಗುವನ್ನು ಕತ್ತರಿಸದೆ ಹಾಗೇ ಹಾಕಿದ್ದರು, ನಮ್ಮ ಪೆಟ್ಟಿಗೆ ಅದನ್ನು ಹಿಡಿದಿಟ್ಟುಕೊಂಡಿತ್ತು.

ಮಾದೇವಿಗೆ ದೀಪ ಮಾತ್ರವಲ್ಲ, ಬೆಳಕು ಬರುವ ವಸ್ತುವೆಲ್ಲ ಒಂದೇ ಲೆಕ್ಕ. ನಾನು ಊಟವಾದ ಮೇಲೂ ಟಿವಿ ಮುಂದೆ ಕೂತರೆ, "ಸಾಕು, ಟಿವಿ ದೊಡ್ಡ ಮಾಡಿ" ಅನ್ನುತ್ತಿದ್ದಳು. ನಾನು ಬಹಳ ವಿಧೇಯ ಗಂಡನ ಹಾಗೆ ರಿಮೋಟ್ ಎತ್ತಿ ಸೌಂಡು ದೊಡ್ಡ ಮಾಡುತ್ತಿದ್ದೆ. ಅವಳು ಸೌಟು ಹಿಡಿದು ಬಾಗಿಲಿಗೆ ಬರುತ್ತಿದ್ದಳು. "ಒಂದಿನ ನಿಮ್ಮನ್ನೇ ದೊಡ್ಡ ಮಾಡ್ತೆ ನೋಡಿ!" ವರ್ಷಗಟ್ಟಲೆ ಇದೊಂದೇ ತಮಾಷೆ ನಮ್ಮದು. ಹೊಸದು ಹುಟ್ಟಿಸುವಷ್ಟು ಓದಿದವನಲ್ಲ ನಾನು. ಅವಳೂ ಹೊಸದನ್ನು ಕೇಳಲಿಲ್ಲ.

ಹೊಟ್ಟೆನೋವು ಎಂದು ಆಸ್ಪತ್ರೆಗೆ ಹೋದವಳು ಮತ್ತೆ ನಡೆದು ಬರಲಿಲ್ಲ. ಒಂದು ಸಂಜೆ ಮಂಚದ ಮೇಲಿನ ಟ್ಯೂಬ್‌ಲೈಟನ್ನು ಕಣ್ಣಿನಲ್ಲೇ ತೋರಿಸಿ, "ಅದೊಂದು ದೊಡ್ಡ ಮಾಡಿ" ಅಂದಳು. ನಾನು ಎದ್ದು ಹೋಗಿ ದೊಡ್ಡ ಮಾಡಿದೆ. ಜೀವನದಲ್ಲಿ ಆ ಒಂದು ಸಲ ಹೇಳಿದ ತಕ್ಷಣ ಮಾಡಿದ್ದು. ಆಮೇಲೆ ಅವಳು ಮಾತಾಡಲಿಲ್ಲ. ಮತ್ತೆ ಆ ದೀಪ ಹಾಕಿದವರು ಡಾಕ್ಟರು.

ಫೋನಿನಲ್ಲಿ ಅವಳ ಫೋಟೊ ಇದೆ, ಮಾತಿಲ್ಲ. ಮಾತಿದ್ದದ್ದು ಪೆಟ್ಟಿಗೆಯಲ್ಲಿ ಮಾತ್ರ. ನಾನು ಸಂಜೆ ದೇವರಿಗೆ ದೀಪ ಹಚ್ಚಿ ಬಂದು ಕೂತು, ಆ ನಗು ಮುಗಿದ ಕೂಡಲೆ ಹಿಂದಕ್ಕೆ ಓಡಿಸಿ ಮತ್ತೆ ಕೇಳುತ್ತಿದ್ದೆ. ಅದನ್ನು ಫೋನಿಗಾದರೂ ಹಿಡಿದುಕೊಳ್ಳಬೇಕೆಂದು ನನಗಾಗಲಿ ಮಗಳು ಶೈಲಾಳಿಗಾಗಲಿ ಹೊಳೆಯಲಿಲ್ಲ. ಬಾವಿ ಮನೆ ಹಿಂದೆಯೇ ಇರುವಾಗ ನೀರನ್ನು ಯಾರು ತುಂಬಿಡುತ್ತಾರೆ ಹೇಳಿ.

ಈ ಪುಟ್ಟಿ ಹುಟ್ಟಿದ ವಾರದಲ್ಲೇ ಪೆಟ್ಟಿಗೆ ಟಿಕ್ ಟಿಕ್ ಅನ್ನತೊಡಗಿತು. ಗೋಡೆಯಲ್ಲಿ ಹಲ್ಲಿ ಲೊಚಗುಟ್ಟಿದ ಹಾಗೆ. ಟಿವಿ ಬರುತ್ತದೆ, ಮಾದೇವಿ ಬರುವುದಿಲ್ಲ. ಬಾಣಂತನಕ್ಕೆ ಮಗಳು ಬಂದಿದ್ದಾಳೆ, ತಾಯಿಯಿಲ್ಲದ ಮನೆ, ಎಣ್ಣೆ-ನೀರಿಗೆ ನನ್ನ ತಂಗಿಯನ್ನು ಕರೆಸಿದ್ದೆ. ಮೊಮ್ಮಗಳಿಗೆ ಅಜ್ಜಿಯ ನಗುವನ್ನಾದರೂ ಕೇಳಿಸುವುದು ನನ್ನ ಪಾಲಿನ ಬಾಣಂತನ ಎಂದು ಲೆಕ್ಕ ಹಾಕಿದ್ದೆ. ಆ ಟಿವಿಯವರನ್ನು ಕೇಳೋಣವೆಂದರೆ ಚಾನೆಲ್ಲೇ ಮುಚ್ಚಿಹೋಗಿತ್ತು. ಪೆಟ್ಟಿಗೆಯನ್ನು ಪುಟ್ಟಿಗೆಂದೇ ತಂದಿಟ್ಟಿದ್ದ ಹೊಸ ಟವೆಲಿನಲ್ಲಿ ಸುತ್ತಿ ಭಟ್ಕಳದ ಬಸ್ಸು ಹತ್ತಿದೆ. ತೊಡೆಯ ಮೇಲೆ ಮಲಗಿಸಿಕೊಂಡಿದ್ದೆ. ಪಕ್ಕದ ಸೀಟಿನ ಹೆಂಗಸು, "ಎಷ್ಟು ತಿಂಗ್ಳು?" ಎಂದು ಟವೆಲು ಸರಿಸಿ ನೋಡಿ, ಆಮೇಲೆ ಇಳಿಯುವ ತನಕ ಕಿಟಕಿಯ ಕಡೆಗೇ ಮುಖ ಮಾಡಿ ಕೂತಳು.

ರಿಪೇರಿ ಅಂಗಡಿಯವನ ಹೆಸರು ಇಮ್ತಿಯಾಜ. ಮನೆಮಾತು ನವಾಯತಿ, ಗಿರಾಕಿ ಬಂದ ಹಾಗೆ ಮಾತು ಬದಲಿಸುವವನು. ಪೆಟ್ಟಿಗೆ ಬಿಚ್ಚಿ, ಟಿಕ್ ಟಿಕ್ಕಿಗೆ ಕಿವಿಕೊಟ್ಟು, "ಡಿಸ್ಕ್ ಹೋಗ್ತಾ ಉಂಟು ಅಜ್ಜಾ. ಬೇರೆ ಹಾಕ್ಬೇಕು. ದೊಡ್ಡ ಮಾಡ್ಲಾ?" ಅಂದ.

ನಾನು ಅವನ ಕೈ ಹಿಡಿದುಕೊಂಡೆ. "ಬ್ಯಾಡ ಮಾರಾಯ! ದೊಡ್ಡ ಮಾಡಬ್ಯಾಡ! ಅದ್ರೊಳಗೆ ನನ್ನ ಹೆಂಡ್ತಿ ಇದ್ದಾಳೆ!"

ಅವನು ಒಮ್ಮೆ ಡಿಸ್ಕನ್ನೂ ಒಮ್ಮೆ ನನ್ನನ್ನೂ ನೋಡಿದ. "ದೊಡ್ಡದಾದ್ರೆ ಅಜ್ಜಿಗೂ ಆರಾಮಲ್ವಾ?"

ಆ ಗಾಬರಿಯಲ್ಲೂ ನಗು ಬಂತು. ಮಾದೇವಿ ಇದ್ದಿದ್ದರೆ ಅಂಗಡಿಯಲ್ಲೇ ಕೂತು ನಗುತ್ತಿದ್ದಳು. ನಾನು ದೀಪದ ಕತೆ ಹೇಳಿದೆ. ಅವನು ನಗಲಿಲ್ಲ, ಸ್ಟೂಲು ಎಳೆದುಕೊಟ್ಟ. ಆಮೇಲೆ ತಿಳಿಯುವ ಹಾಗೆ ಹೇಳಿದ. ಈ ಹಳೇ ಪೆಟ್ಟಿಗೆ ಬಹಳ ದೊಡ್ಡ ಡಿಸ್ಕನ್ನು ಒಪ್ಪುವುದೇ ಇಲ್ಲ. ಲ್ಯಾಪ್‌ಟಾಪಿನ ಚಿಕ್ಕದು ಹಗಲೂ ರಾತ್ರಿ ತಿರುಗಿ ಬೇಗ ಸಾಯುತ್ತದೆ. ಅಂಗಡಿ ಕ್ಯಾಮೆರಾಗಳಿಗೆ ಹಾಕುವ ಜಾತಿಯದು, ಮೊದಲಿದ್ದಷ್ಟೇ ಅಳತೆಯದು, ಒಳ್ಳೆಯದು. ಶಬ್ದ ಕಡಿಮೆ, ಬಿಸಿ ಕಡಿಮೆ.

"ಸೊಸೆ ತರುವಾಗ್ಲೂ ನಾವು ಇಷ್ಟು ನೋಡುದಿಲ್ಲ ಮಾರಾಯ. ಅದೇ ಹಾಕು. ಹಳೇದ್ರಲ್ಲಿ ಇದ್ದದ್ದು?"

ಅದಕ್ಕೆ ಬೀಗವಂತೆ. ಈ ಪೆಟ್ಟಿಗೆಯ ಹೊರತು ಬೇರೆ ಯಾವ ಕಂಪ್ಯೂಟರಿಗೂ ಅದು ಬಾಯಿ ಬಿಡುವುದಿಲ್ಲ. ಆದರೆ ಅರ್ಥವಾಗದಿದ್ದರೂ ಇದ್ದದ್ದನ್ನು ಇದ್ದ ಹಾಗೇ ಹೊಸದಕ್ಕೆ ಇಳಿಸಿದರೆ, ಪೆಟ್ಟಿಗೆ ತನ್ನದೇ ಎಂದು ನಂಬಲೂಬಹುದು. ನನಗೆ ಕೂಡಲೆ ತಿಳಿಯಿತು. ನನ್ನ ದೋಣಿಗೆ ಇಂಗ್ಲಿಷಿನಲ್ಲಿ ಹೆಸರು ಬೇಕೆಂದಾಗ ನಾನು ಬರೆದದ್ದೂ ಹಾಗೆಯೇ, ಒಂದಕ್ಷರ ಗೊತ್ತಿಲ್ಲದೆ, ನೋಡಿ ನೋಡಿ ಗೀಚಿದ್ದು.

"ಆದ್ರೆ ಅಜ್ಜಾ, ಇದಕ್ಕೆ ಉಸಿರು ಕಡಿಮೆ. ಇಳಿಸುವಾಗ್ಲೇ ನಿಂತ್ರೂ ನಿಂತೀತು. ಇಲ್ಲಾಂದ್ರೆ ಹಾಗೇ ಮನೆಗೆ ತಕೊಂಡೋಗಿ. ನಸೀಬು ಇದ್ರೆ ಇನ್ನೊಂದ್ಸಲ ತೋರಿಸ್ತದೆ. ಎಂತ ಮಾಡುದು, ನೀವು ಹೇಳಿ."

ಇನ್ನೊಂದು ಸಲ. ನಾನೊಬ್ಬನೇ ಆಗಿದ್ದರೆ ಅದನ್ನೇ ಆರಿಸಿಕೊಳ್ಳುತ್ತಿದ್ದೆ. ಆದರೆ ಪುಟ್ಟಿಗೆ ಈಗ ಕಣ್ಣು ಸರಿಯಾಗಿ ನಿಲ್ಲುವುದಿಲ್ಲ, ಒಂದು ಸಲ ತೋರಿಸಿ ಏನು ಬಂತು? "ಇಳಿಸು" ಅಂದೆ.

ಅದು ಟಿಕ್ ಅಂದಿತು, ಸುಮ್ಮನಾಯಿತು, ಮತ್ತೆ ಟಿಕ್ ಅಂದಿತು. ಆಸ್ಪತ್ರೆಯಲ್ಲಿ ಮಾದೇವಿಯ ಎದೆ ಏರಿಳಿಯುವುದನ್ನು ನೋಡುತ್ತ ಕೂತಿದ್ದ ಹಾಗೆಯೇ ಕೂತಿದ್ದೆ. ಇಮ್ತಿಯಾಜ ನಮಾಜಿಗೆ ಹೋಗಿ ಬಂದ. ಅವನು ಬರುವಷ್ಟರಲ್ಲಿ ಸದ್ದು ನಿಂತಿತ್ತು. ಇಳಿದದ್ದು ಅರ್ಧಕ್ಕಿಂತ ಕಡಿಮೆ. "ಮನೇಲಿ ಹಾಕಿ ನೋಡಿ ಅಜ್ಜಾ, ನೋಡುದಕ್ಕೆ ಎಂತ" ಎಂದ. ಮುಖ ನೋಡಿ ಹೇಳಲಿಲ್ಲ.

ಮನೆಗೆ ಬಂದು ತಂತಿ ಸಿಕ್ಕಿಸಿದೆ. ಟಿವಿಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂತು. ಶೈಲಾ ಮಗುವನ್ನು ಹೆಗಲಿಗೆ ಹಾಕಿಕೊಂಡೇ ಓದಿದಳು.

"ಈ ಡಿಸ್ಕ್ ಗುರ್ತ ಸಿಗುದಿಲ್ಲ, ಎಲ್ಲ ಅಳಿಸ್ಲಾ ಅಂತ ಕೇಳ್ತದೆ ಅಪ್ಪಾ."

"ಬ್ಯಾಡ ಅಂದ್ರೆ?"

"ಹೀಗೇ ಕೇಳ್ತಾ ನಿಲ್ತದೆ."

ಅದು ನಿಂತೇ ಇತ್ತು. ಶೈಲಾ ಮಗುವಿನ ಬೆನ್ನು ತಟ್ಟುತ್ತ ಒಳಗೆ ಹೋದಳು. ಅಳಿಸು ಅನ್ನುವುದಕ್ಕೆ ಅವಳು ತೋರಿಸಿದ್ದ ಬಟನ್ ಒತ್ತಿದೆ.

ಈಗ ಟಿವಿ ಚೆನ್ನಾಗಿ ಬರುತ್ತದೆ. ಹೊಸ ಡಿಸ್ಕಿಗೆ ನಿಜವಾಗಿಯೂ ಸದ್ದಿಲ್ಲ, ಒಳಗೆ ಏನೂ ಇಲ್ಲದ್ದಕ್ಕೂ ಇರಬಹುದು. ಹಳೆಯದನ್ನು ಇಮ್ತಿಯಾಜ ಅದೇ ಟವೆಲಿನಲ್ಲಿ ಸುತ್ತಿ ಕೊಟ್ಟಿದ್ದ. ಎಸೆಯಲು ಕೈ ಬರಲಿಲ್ಲ, ಬಟ್ಟೆಯ ಮೇಲೆ ಕೂತಿದೆ.

ಮೊನ್ನೆ ಮಧ್ಯಾಹ್ನ ಊಟವಾಗಿ ಟಿವಿ ನೋಡುತ್ತಿದ್ದೆ. ತಂಗಿ ಹೊರಗೆ ಹೋಗಿದ್ದಳು. ಅಡುಗೆಮನೆಯಿಂದ ಶೈಲಾ ಕೂಗಿದಳು. "ಅಪ್ಪಾ, ಪುಟ್ಟಿ ಮಲ್ಗಿತು. ಟಿವಿ ದೊಡ್ಡ ಮಾಡು."

ನನ್ನ ಹೆಬ್ಬೆರಳು ನನ್ನನ್ನು ಕೇಳಲಿಲ್ಲ. ಸೌಂಡು ದೊಡ್ಡ ಮಾಡಿತು. ತೊಟ್ಟಿಲಲ್ಲಿ ಪುಟ್ಟಿ ಬೆಚ್ಚಿ ಕಿರುಚಿದಳು. ಶೈಲಾ ಸೌಟು ಹಿಡಿದು ಬಾಗಿಲಿಗೆ ಬಂದಳು.

"ಒಂದಿನ ನಿನ್ನನ್ನೇ ದೊಡ್ಡ ಮಾಡ್ತೆ ನೋಡು!"

ಹೇಳಿದ ಮೇಲೆ ತಾನು ಅಂದದ್ದು ತನಗೇ ಕೇಳಿಸಿತು. ಹೆತ್ತ ಅಪ್ಪನಿಗೆ, ಬಾಣಂತಿಯ ಬಾಯಿಂದ. ನಾಲಿಗೆ ಕಚ್ಚಿಕೊಂಡು ಅಲ್ಲೇ ನಿಂತಳು, ಕಣ್ಣು ತುಂಬಿಬಿಟ್ಟಿತು.

"ಇನ್ನೊಂದ್ಸಲ ಹೇಳು" ಅಂದೆ.

ಸೌಟಿನ ತುದಿಯಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಎಷ್ಟು ಹೊತ್ತು ಕಾದರೂ ಹೇಳುವವಳಲ್ಲವೆಂದು ತಿಳಿದ ಮೇಲೆ ಟಿವಿಯನ್ನೇ ದೊಡ್ಡ ಮಾಡಿದೆ. ಎದ್ದು ಹೋಗಿ ತೊಟ್ಟಿಲು ತೂಗತೊಡಗಿದೆ.